ಐದು ಕಾಲಿನ ಜೀರುಂಡೆ

ರೇನೊ ಮಾಡಿದ ಒಡವೆಯಲ್ಲಿ ಚಿನ್ನ ಹುಡುಕಿದರೆ ಸಿಗುತ್ತಿರಲಿಲ್ಲ. ಸೀಸ, ತವರ, ಮೇಲೊಂದು ಕೈ ಗಿಲೀಟು, ಅದರ ಮೇಲೆ ಗಾಜಿನ ಹರಳು, ಅಷ್ಟೇ. ಆದರೂ ಅಮೆರಿಕದ ಪ್ರಾವಿಡೆನ್ಸ್ ಊರಿನ ಅರ್ಧ ಜನರ ಹೊಟ್ಟೆ ತುಂಬುತ್ತಿದ್ದದ್ದು ಅದರಿಂದಲೇ. ದೊಡ್ಡ ಯುದ್ಧ ಮುಗಿದು ಕೆಲವು ವರ್ಷ ಆಗಿದ್ದ ಕಾಲ. ಕೋಟಿನ ಎದೆಗೆ ಅಂಗೈಯಗಲದ ಬ್ರೋಚು ಚುಚ್ಚಿಕೊಳ್ಳದೆ ಹೆಂಗಸರು ಬೀದಿಗೆ ಇಳಿಯುತ್ತಿರಲಿಲ್ಲ. ನಮ್ಮ ಗುಡ್ಡದ ಮೇಲಿನ ಇಟಲಿಯವರ ಮನೆಗಳಲ್ಲಿ ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಟೊಮೇಟೊ, ಇನ್ನೊಂದು ತುದಿಯಲ್ಲಿ ಹರಳು. ಊಟದಲ್ಲಿ ಹಲ್ಲಿಗೆ ಹರಳು ಸಿಕ್ಕರೆ ಯಾರೂ ರೇಗುತ್ತಿರಲಿಲ್ಲ. ಬಾಯಿಂದ ತೆಗೆದು, ಬಣ್ಣ ನೋಡಿ, ಸರಿಯಾದ ಡಬ್ಬಿಗೆ ಹಾಕಿ ಮತ್ತೆ ಉಣ್ಣುತ್ತಿದ್ದರು.

ರೇನೊ ಕೆಲಸ ಮಾಡುತ್ತಿದ್ದದ್ದು ಥೆರಿಯೊ ಯಜಮಾನರ ಕಾರ್ಖಾನೆಯಲ್ಲಿ. ಬೋರ್ಡಿನಲ್ಲಿ 'ಥೆರಿಯೊ ಮತ್ತು ಗಂಡುಮಕ್ಕಳು' ಎಂದಿತ್ತು. ಯಜಮಾನರಿಗೆ ಇದ್ದದ್ದು ಹೆಣ್ಣುಮಕ್ಕಳು ಮಾತ್ರ. ಬೋರ್ಡು ಬರೆಸುವಾಗ ಆಸೆ ಇತ್ತು, ಬರೆಸಿದ ಮೇಲೆ ಅಳಿಸಲು ಮನಸ್ಸಾಗಲಿಲ್ಲ ಎಂದು ಜನ ಹೇಳುತ್ತಿದ್ದರು. ಅಲ್ಲಿ ಹೊಸ ನಮೂನೆ ಹುಟ್ಟಿಸುವವನು ರೇನೊ ಒಬ್ಬನೇ. ಮೊದಲು ಕಾಗದದ ಮೇಲೆ ಬರೆಯುತ್ತಿದ್ದ. ಆಮೇಲೆ ಹಿತ್ತಾಳೆಯಲ್ಲಿ ಅರ ಹಾಕಿ ಹಾಕಿ ಮಾದರಿ ಕಡೆಯುತ್ತಿದ್ದ. ಆ ಮಾದರಿಯಿಂದ ರಬ್ಬರಿನ ಅಚ್ಚು, ಅಚ್ಚಿನಿಂದ ಎರಕ. ಎರಕದ ಮೊದಲ ತುಂಡಿಗೆ ತಾನೇ ಹರಳು ಕೂರಿಸಿ, ಕರವಸ್ತ್ರದಲ್ಲಿ ಸುತ್ತಿ, ಶನಿವಾರ ಮನೆಗೆ ತರುತ್ತಿದ್ದ.

ತರುತ್ತಿದ್ದದ್ದು ಅತ್ತೆಗಾಗಿ.

ಅತ್ತೆ, ಅಂದರೆ ಹೆಂಡತಿಯ ತಾಯಿ ಲೊರೆಟಾ, ಗಂಡ ಸತ್ತಂದಿನಿಂದ ಕಪ್ಪು ಬಿಟ್ಟು ಬೇರೆ ಬಣ್ಣ ಮೈಗೆ ಸೋಕಿಸಿದವಳಲ್ಲ. ಅವಳ ಉಣ್ಣೆಯ ಕಪ್ಪು ಕೋಟು, ಅದರೊಳಗಿನ ವಿಶಾಲವಾದ ಎದೆ, ಇವೆರಡೂ ಸೇರಿ ದೊಡ್ಡ ಅಂಗಡಿಯವರು ಒಡವೆ ಇಡುವ ಮಖಮಲ್ಲಿನ ದಿಂಬನ್ನೂ ನಾಚಿಸುತ್ತಿದ್ದವು. ಹೊಸ ಬ್ರೋಚು ಮೊದಲು ಆ ಕೋಟಿನ ಮೇಲೆ ಚರ್ಚಿನ ಭಾನುವಾರದ ದೊಡ್ಡ ಪೂಜೆಗೆ ಹೋಗಬೇಕು. ಮಂಡಿಯೂರಿ ಎದ್ದು, ಮಂಡಿಯೂರಿ ಎದ್ದು, ಕೊನೆಯವರೆಗೂ ಬ್ರೋಚು ತಲೆ ಬಾಗಿಸದೆ ನೆಟ್ಟಗೆ ನಿಂತರೆ ತೂಕ ಸರಿ ಇದೆ ಎಂದರ್ಥ. ಪಕ್ಕದವಳ ಶಾಲಿನ ನೂಲು ಎಳೆಯದಿದ್ದರೆ ಅಂಚು ಸರಿ ಇದೆ ಎಂದರ್ಥ. ಪೂಜೆ ಮುಗಿದು ಮೆಟ್ಟಿಲ ಮೇಲೆ ಹೆಂಗಸರು ಸುತ್ತ ನೆರೆದು "ಎಲ್ಲಿ ತಗೊಂಡ್ರಿ ಲೊರೆಟಮ್ಮ?" ಎಂದರೆ ಸೋಮವಾರ ಎರಕದ ಒಲೆ ಹೊತ್ತಿಸಬಹುದು. ಕಾರ್ಖಾನೆಯಲ್ಲಿ ಇದು ಯಾರಿಗೂ ಗೊತ್ತಿರಲಿಲ್ಲ. ರೇನೊಗೆ ಮಾತ್ರ ಈ ಪರೀಕ್ಷೆ ಆಗದ ಒಡವೆಯ ಮೇಲೆ ನಂಬಿಕೆಯೇ ಬರುತ್ತಿರಲಿಲ್ಲ.

ಆ ಚಳಿಗಾಲದಲ್ಲಿ ಅವನು ಕಡೆದದ್ದು ಒಂದು ಜೀರುಂಡೆ. ಹಸಿರು ಬೆನ್ನು, ಕೆಂಪು ಕಣ್ಣು, ಕೂದಲಿನಷ್ಟು ಸಣ್ಣ ಮೀಸೆ, ಆರು ಕಾಲು. ಶನಿವಾರ ಅದನ್ನು ಅಡುಗೆಮನೆಯ ಮೇಜಿನ ಮೇಲೆ, ಬ್ರೆಡ್ಡಿನ ಪಕ್ಕ ಇಟ್ಟು ಕೈ ತೊಳೆಯಲು ಹೋದ. ಅತ್ತೆ ಮೆಣಸಿನಕಾಯಿ ಹುರಿಯುತ್ತಿದ್ದವಳು ತಿರುಗಿದಳು. ಕನ್ನಡಕ ಹಣೆಯ ಮೇಲಿತ್ತು.

"ಅಯ್ಯೋ ಜಿರಳೆ!"

ಕಾಲಿನ ಚಪ್ಪಲಿ ಕೈಗೆ ಬಂದದ್ದೂ ಮೇಜಿನ ಮೇಲೆ ಬಿದ್ದದ್ದೂ ಒಂದೇ ಸಲ. ರೇನೊ ಸೋಪಿನ ಕೈಯಲ್ಲೇ ಓಡಿ ಬಂದ.

"ಅತ್ತೆ! ಅದು ನಾನು ಮಾಡಿದ್ದು!"

"ಜಿರಳೇನ ಯಾರಾದ್ರೂ ಮಾಡ್ತಾರಾ? ದೇವ್ರು ಮಾಡಿರೋದೇ ಸಾಲದಾ?" ಎಂದು ಅತ್ತೆ ಕನ್ನಡಕ ಇಳಿಸಿ ನೋಡಿದಳು. ಜೀರುಂಡೆ ಗಟ್ಟಿ ಪಿಂಡ. ಒಂದು ಕಾಲು ಮಾತ್ರ ಬುಡದಲ್ಲೇ ಮುರಿದು ಹುರಿಯುವ ಬಾಣಲೆಗೆ ಹಾರಿತ್ತು. ಅದನ್ನು ಹುಡುಕಿದರು. ಸಿಗಲಿಲ್ಲ. ಯಾರೋ ತಿಂದಿರಬೇಕು.

"ಈ ಸಲ ಬೇಡ ಬಿಡಿ ಅತ್ತೆ. ಮುಂದಿನ ವಾರ ಬೇರೆ ಎರಕ ತರ್ತೀನಿ."

"ಯಾಕೆ? ಐದು ಕಾಲಿದೆಯಲ್ಲ, ಚರ್ಚಿನವರೆಗೆ ನಡೆಯೋಕೆ ಸಾಕು. ನಂಗಿರೋದು ಎರಡೇ, ಅದೂ ನೋಯ್ತಾವೆ."

ಮಾರನೆಯ ದಿನ ಐದು ಕಾಲಿನ ಜೀರುಂಡೆ ಪೂಜೆಗೆ ಹೋಗಿ ಬಂತು. ತಲೆ ಬಾಗಿಸಲಿಲ್ಲ. ಹೆಂಗಸರು ಕೇಳಿದರು. ಸೋಮವಾರ ಕಾರ್ಖಾನೆಯಲ್ಲಿದ್ದ ಆರು ಕಾಲಿನ ಮಾದರಿಯಿಂದ ಎರಕ ಶುರುವಾಯಿತು.

ಕೆಲವು ವಾರ ಕಳೆದು, ಜೀರುಂಡೆಗಳಿಗೆ ಗಿಲೀಟು ಮುಗಿದು ಅಂಗಡಿಗೆ ಹೋಗುವುದರೊಳಗೆ ಒಂದು ಬೆಳಿಗ್ಗೆ ಥೆರಿಯೊ ಯಜಮಾನರು ಮುಖ ಕೆಂಪಗೆ ಮಾಡಿಕೊಂಡು ಬಂದರು. ರೇನೊನ ಮೇಜಿನ ಮೇಲೆ ಒಂದು ಪೊಟ್ಟಣ ಎಸೆದರು. ಒಳಗೆ ಜೀರುಂಡೆ.

"ಪೇಟೆ ಬೀದಿ ಅಂಗಡಿ ಕಿಟಕೀಲಿ ಕೂತಿತ್ತು. ನಮ್ಮದಲ್ಲ. ಎದುರು ಕಾರ್ಖಾನೆಯವರದು! ಮೊದಲು ಗುಲಾಬಿ ಹೋಯ್ತು. ಆಮೇಲೆ ನವಿಲು. ಈಗ ಹುಳ. ನಮ್ಮಲ್ಲಿ ಹುಟ್ಟೋ ಮಕ್ಕಳಿಗೆಲ್ಲ ಅವ್ರು ನಾಮಕರಣ ಮಾಡ್ತಿದ್ದಾರೆ. ನಮೂನೆ ಹೊರಗೆ ಹೋಗ್ತಿರೋದು ನಿನ್ನ ಕೈ ಕೆಳಗಿಂದ, ರೇನೊ."

"ಯಜಮಾನ್ರೇ, ನಾನು..."

"ಈಸ್ಟರ್ ಹಬ್ಬದೊಳಗೆ ಕಳ್ಳ ಯಾರು ಅಂತ ಹಿಡಿ. ಇಲ್ಲಾಂದ್ರೆ ಹಬ್ಬದ ಮಾರನೇ ದಿನ ನೀನೂ ನಿನ್ನ ಅರಾನೂ ಮನೇಲೇ ಇರಿ."

ರೇನೊಗೆ ಬೇರೆ ಕೆಲಸ ಬರುತ್ತಿರಲಿಲ್ಲ. ಹದಿನಾಲ್ಕನೆಯ ವಯಸ್ಸಿಗೆ ಅರ ಹಿಡಿದವನು. ಬೇರೆ ಕಾರ್ಖಾನೆಯವರೂ ನಮೂನೆ ಸೋರಿಸುವವನು ಎಂಬ ಹೆಸರು ಹೊತ್ತವನನ್ನು ಬಾಗಿಲೊಳಗೆ ಬಿಡುತ್ತಿರಲಿಲ್ಲ. ಅವನು ಕಳ್ಳನನ್ನು ಹಿಡಿಯಲು ಹೊರಟ. ಹಿಡಿಯುವ ಕೆಲಸಕ್ಕೆ ಅವನಷ್ಟು ಅಯೋಗ್ಯ ಮನುಷ್ಯ ಗುಡ್ಡದ ಮೇಲೆ ಇನ್ನೊಬ್ಬನಿರಲಿಲ್ಲ. ಎರಕದವನ ಜೇಬು ತಡಕಿದ, ಬೆಳ್ಳುಳ್ಳಿ ಸಿಕ್ಕಿತು. ಮೆರುಗು ಹಾಕುವ ಹುಡುಗಿಯರ ಊಟದ ಡಬ್ಬಿ ತೆರೆದು ತೆರೆದು ನೋಡಿದ, ಬದನೆಕಾಯಿ ಸಿಕ್ಕಿತು. ಕೊನೆಗೆ ಗಿಲೀಟಿನ ತೊಟ್ಟಿಯ ಹತ್ತಿರ ಕೂರುವ ದಪ್ಪ ಹೆಂಗಸು ತಾನೇ ಡಬ್ಬಿ ತಂದು ಅವನ ಮುಂದಿಟ್ಟಳು.

"ಕದ್ದು ನೋಡ್ಬೇಡ ಕಣಪ್ಪ, ಹಸಿವಾಗಿದ್ರೆ ಕೇಳು. ಎರ್ಸಿಲಿಯಾ ಊಟ ಹಾಕ್ತಿಲ್ವಾ ಮನೇಲಿ?"

ಎರ್ಸಿಲಿಯಾ ಎಂದರೆ ರೇನೊನ ಹೆಂಡತಿ. ಆ ಮಾತು ಸಂಜೆಯೊಳಗೆ ಅವಳ ಕಿವಿಗೂ ಬಿತ್ತು. ಅಂದು ರಾತ್ರಿಯ ಊಟದಲ್ಲಿ ರೇನೊನ ತಟ್ಟೆಗೆ ಎಷ್ಟು ಬಡಿಸಿದಳೆಂದರೆ ಅವನಿಗೆ ಎದುರು ಕೂತ ಅತ್ತೆಯ ಮುಖವೇ ಕಾಣಲಿಲ್ಲ.

ಉಂಡಾದ ಮೇಲೆ ಅವನು ಜೇಬಿನಿಂದ ಆ ಕಳ್ಳ ಜೀರುಂಡೆ ತೆಗೆದು ದೀಪದ ಕೆಳಗಿಟ್ಟ. ಕೆಲಸ ಅಚ್ಚುಕಟ್ಟಾಗಿತ್ತು. ಹಸಿರು ಸ್ವಲ್ಪ ಗಾಢ. ಮೀಸೆ ಅವನದಕ್ಕಿಂತ ಚೆನ್ನಾಗಿದೆ ಎಂದು ಒಪ್ಪಿಕೊಳ್ಳಲು ಹೊಟ್ಟೆ ಉರಿಯಿತು. ಕಾಲು ಎಣಿಸಿದ. ಒಂದು ಕಡೆ ಮೂರು. ಇನ್ನೊಂದು ಕಡೆ ಎರಡು.

ಮತ್ತೆ ಎಣಿಸಿದ. ಐದೇ.

ಲೋಕದಲ್ಲಿ ಐದು ಕಾಲಿನ ಜೀರುಂಡೆ ಇದ್ದದ್ದು ಒಂದೇ. ಕಾಲು ಮುರಿದ ಮೇಲೆ ಅದು ಕಾರ್ಖಾನೆಯ ಒಳಗೆ ಕಾಲೇ ಇಟ್ಟಿರಲಿಲ್ಲ. ಅತ್ತೆಯ ಕೋಟಿನ ಮೇಲೆ ಚರ್ಚಿಗೆ ಹೋಗಿ, ಅದೇ ಕೋಟಿನ ಮೇಲೆ ಮನೆಗೆ ಬಂದಿತ್ತು.

ರೇನೊ ಕಣ್ಣೆತ್ತಿ ಅತ್ತೆಯ ಎದೆ ನೋಡಿದ. ಅಲ್ಲಿ ಕಳೆದ ವಾರದ ಚಿಟ್ಟೆ ಮಿನುಗುತ್ತಿತ್ತು.

"ಏನು ಅಳಿಯಂದ್ರೇ, ಹಾಗೆ ನೋಡ್ತೀರಿ? ಸಾಸು ಚೆಲ್ಲಿದೆಯಾ?"

"ಇಲ್ಲ ಅತ್ತೆ. ಏನಿಲ್ಲ."

ಮುಂದಿನ ಭಾನುವಾರ ಅವನು ಪೂಜೆಯಲ್ಲಿ ಪ್ರಾರ್ಥನೆ ಮಾಡಲಿಲ್ಲ, ಕಾವಲು ಕಾದ. ಹಿಂದಿನ ಬೆಂಚಿನವರಿಗೆ ಅತ್ತೆಯ ಬೆನ್ನು ಮಾತ್ರ ಕಾಣುತ್ತದೆ. ಮುಂದಿನವರಿಗೆ ಏನೂ ಕಾಣುವುದಿಲ್ಲ. ಪಾದ್ರಿಯ ಕಣ್ಣಿಗೆ ಪೊರೆ ಬಂದಿತ್ತು. ಹಾಗಾದರೆ ಯಾರು? ಆಗ ಕಾಣಿಕೆಯ ಬುಟ್ಟಿ ಬಂತು. ಉದ್ದ ಕೋಲಿನ ತುದಿಗೆ ಕಟ್ಟಿದ ಬುಟ್ಟಿ. ಬೆಂಚಿನ ತುದಿಯಲ್ಲಿ ನಿಂತು ಒಬ್ಬೊಬ್ಬರ ಮುಂದೆಯೂ ಅದನ್ನು ಚಾಚಿ, ನಾಣ್ಯ ಬಿದ್ದ ಕೂಡಲೇ ಮುಂದೆ ಸರಿಸುವ ಕೆಲಸ. ಕೋಲು ಹಿಡಿದಿದ್ದವನು ಗಯೆಟಾನೊ. ಎದುರು ಕಾರ್ಖಾನೆಯ ನಮೂನೆಗಾರ, ಹೆಂಡತಿ ಸತ್ತವನು, ಕೂದಲಿಗೆ ಎಣ್ಣೆ ಹಚ್ಚಿ ಬಾಚಿದವನು. ಒಂದು ಕಾಲದಲ್ಲಿ ರೇನೊ ಮತ್ತು ಅವನು ಒಂದೇ ಮೇಜಿನಲ್ಲಿ ಕೂತು ಕೆಲಸ ಕಲಿತವರು.

ಎರ್ಸಿಲಿಯಾಳ ಮುಂದೆ ಬುಟ್ಟಿ ಬಂತು, ಹೋಯಿತು. ರೇನೊನ ಮುಂದೆ ಬಂತು, ಹೋಯಿತು. ಲೊರೆಟಾಳ ಮುಂದೆ ಬಂತು. ನಾಣ್ಯ ಬಿತ್ತು. ಬುಟ್ಟಿ ಕದಲಲಿಲ್ಲ. ಅತ್ತೆ ಇನ್ನೊಂದು ನಾಣ್ಯ ಹಾಕಿದಳು. ಬುಟ್ಟಿ ಅಲ್ಲೇ. ಗಯೆಟಾನೊನ ಕಣ್ಣು ಅತ್ತೆಯ ಎಡ ಎದೆಯ ಮೇಲೆ ನೆಟ್ಟಿತ್ತು, ತುಟಿ ಸದ್ದಿಲ್ಲದೆ ಹರಳು ಎಣಿಸುತ್ತಿತ್ತು. ಪಕ್ಕದವರು ಅದನ್ನು ಜಪ ಅಂದುಕೊಂಡಿರಬೇಕು.

ಮನೆಗೆ ಬಂದವನೇ ರೇನೊ ಹೆಂಡತಿಯನ್ನು ಮೂಲೆಗೆ ಕರೆದ. "ಕಳ್ಳ ಸಿಕ್ಕಿದ ಕಣೇ. ನಿಮ್ಮಮ್ಮನಿಗೆ ಹೇಳು, ಇನ್ಮೇಲೆ ಆ ಗಯೆಟಾನೊ ಬಂದ್ರೆ ಬ್ರೋಚು ಕಾಣದ ಹಾಗೆ ಶಾಲು ಹೊದ್ಕೊಳ್ಳಲಿ."

ಎರ್ಸಿಲಿಯಾ ಅವನನ್ನು ಕನಿಕರದಿಂದ ನೋಡಿದಳು. "ರೀ, ನಿಮಗೆ ಹುಳದ ಕಾಲು ಎಣಿಸೋಕೆ ಬರುತ್ತೆ, ಮನೆಯವರ ಮುಖ ನೋಡೋಕೆ ಬರಲ್ಲ. ಅಮ್ಮ ಶನಿವಾರ ಸಂಜೆ ಕೂದಲು ಯಾಕೆ ಸುತ್ತಿಕೊಳ್ತಾಳೆ? ಭಾನುವಾರ ಕೆನ್ನೆ ಯಾಕೆ ಚಿವುಟಿಕೊಳ್ತಾಳೆ?"

"ಯಾಕೆ?"

"ಬುಟ್ಟಿ ನಿಲ್ಲೋದು ತನ್ನ ಸಲುವಾಗಿ ಅಂದ್ಕೊಂಡಿದಾಳೆ. ವರ್ಷಗಟ್ಟಲೆಯಿಂದ. 'ಎಷ್ಟು ಮರ್ಯಾದಸ್ಥ ನೋಡು, ಒಂದು ಮಾತಿಲ್ಲ' ಅಂತಾಳೆ. ಈಗ ನೀವು ಹೋಗಿ ಹೇಳಿ, ಅವನು ನೋಡ್ತಿದ್ದದ್ದು ಹುಳಾನ ಅಂತ. ನಾನಂತೂ ಹೇಳಲ್ಲ."

ರೇನೊ ಹೇಳಲಿಲ್ಲ. ಯಜಮಾನರಿಗೂ ಹೇಳುವ ಹಾಗಿರಲಿಲ್ಲ. ನಮೂನೆಯನ್ನು ವಾರವಾರವೂ ಎದುರಾಳಿಯ ಮೂಗಿನ ಕೆಳಗೆ ಮೆರವಣಿಗೆ ಮಾಡಿಸಿದವನು ತಾನೇ ಎಂದು ಹೇಳಿದರೆ ಈಸ್ಟರ್‌ವರೆಗೆ ಕಾಯದೆ ಅಂದೇ ಹೊರಗೆ. ಹಾಗಾಗಿ ಅವನು ಒಂದು ಉಪಾಯ ಮಾಡಿದ. ಅವನ ಮಟ್ಟಿಗೆ ಅದು ಭಾರಿ ಉಪಾಯ. ಕಣ್ಣಿಟ್ಟು ನೋಡಲಾಗದಷ್ಟು ವಿಕಾರವಾದ ಒಂದು ಒಡವೆ ಮಾಡಿ ಅತ್ತೆಗೆ ತೊಡಿಸುವುದು. ಗಯೆಟಾನೊ ಅದನ್ನು ಕದಿಯಲಿ, ಅವನ ಕಾರ್ಖಾನೆ ಮುಳುಗಲಿ, ಮತ್ತೆಂದೂ ಅತ್ತೆಯ ಕಡೆ ಕಣ್ಣು ಹಾಯಿಸದಿರಲಿ.

ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲದ ಒಂದು ಶುಕ್ರವಾರ. ಮಾಂಸವಿಲ್ಲ, ಮೇಜಿನ ಮೇಲೆ ಹುರಿದ ಸ್ಕ್ವಿಡ್ ಮೀನು. ಅದನ್ನೇ ನೋಡಿ ಅವನು ಸ್ಕ್ವಿಡ್ ಬ್ರೋಚು ಕಡೆದ. ಉಬ್ಬಿದ ಕಣ್ಣು, ನೇರಳೆ ಮೈ, ಸುತ್ತ ಬಳ್ಳಿಯಂಥ ತೋಳುಗಳು. ಯಾರೂ ಕೊಳ್ಳದೆ ಉಳಿದಿದ್ದ ಕಿತ್ತಳೆ, ಕೆಸರು ಹಸಿರು, ಹಳದಿ ಹರಳುಗಳನ್ನೆಲ್ಲ ತುಂಬಿದ. ಅಷ್ಟು ಸಾಲದು ಎನ್ನಿಸಿ ತೋಳುಗಳನ್ನು ಗಡಿಯಾರದ ಸಣ್ಣ ಸ್ಪ್ರಿಂಗಿನ ಮೇಲೆ ಕೂರಿಸಿದ. ಉಸಿರಾಡಿದರೂ ನಡುಗುತ್ತಿದ್ದವು.

"ಏನಿದು ಅಳಿಯಂದ್ರೇ?" ಎಂದಳು ಅತ್ತೆ.

"ಹೊಸ ಫ್ಯಾಷನ್ನು ಅತ್ತೆ."

"ನಿಮಗೆ ಜ್ವರ ಗಿರ ಇಲ್ವಲ್ಲ?" ಎಂದಳಾದರೂ ತೊಟ್ಟುಕೊಂಡಳು. ಚರ್ಚಿನಲ್ಲಿ ಅವಳು ಹಾಡಲು ಉಸಿರೆಳೆದಾಗಲೆಲ್ಲ ಎದೆಯ ಮೇಲಿನ ಸ್ಕ್ವಿಡ್ ಎಲ್ಲ ತೋಳುಗಳನ್ನೂ ಆಡಿಸಿ ಜನರನ್ನು ಕರೆಯುತ್ತಿತ್ತು. ಬುಟ್ಟಿ ಬಂದು ಅವಳ ಮುಂದೆ ನಿಂತದ್ದು ನಿಂತೇ ಇತ್ತು. ಅತ್ತೆಯ ಪರ್ಸಿನ ಚಿಲ್ಲರೆಯೆಲ್ಲ ಖಾಲಿಯಾಯಿತು. ರೇನೊ ತಲೆ ತಗ್ಗಿಸಿ ಕರವಸ್ತ್ರ ಕಚ್ಚಿಕೊಂಡು ನಕ್ಕ.

ಕೆಲವು ವಾರ ಕಳೆದು ಅಂಗಡಿಯ ಕಿಟಕಿಯಲ್ಲಿ ಸ್ಕ್ವಿಡ್ ಬಂತು. ಬಂದ ದಿನವೇ ಖಾಲಿಯಾಯಿತು. ಮತ್ತೆ ತರಿಸಿದರು, ಮತ್ತೆ ಖಾಲಿ. ಬಾಸ್ಟನ್ನಿನಿಂದ ಹೆಂಗಸರು ರೈಲು ಹತ್ತಿ ಬಂದರು. ನ್ಯೂಯಾರ್ಕಿನ ದೊಡ್ಡ ಅಂಗಡಿಯವರು ಪೆಟ್ಟಿಗೆಗಟ್ಟಲೆ ಕೇಳಿದರು. ಈಸ್ಟರ್ ಟೋಪಿಗೆ ಸ್ಕ್ವಿಡ್ ಇಲ್ಲದಿದ್ದರೆ ಹಬ್ಬವೇ ಅಲ್ಲ ಎನ್ನುವಂತಾಯಿತು.

ಥೆರಿಯೊ ಯಜಮಾನರು ಒಂದು ಸ್ಕ್ವಿಡ್ ಹಿಡಿದು ರೇನೊನ ಮುಂದೆ ಅಲ್ಲಾಡಿಸಿದರು. ತೋಳುಗಳು ಅವನನ್ನೇ ಅಣಕಿಸಿದವು.

"ನೋಡು! ಇದು ತಲೆ ಅಂದ್ರೆ! ಆ ಗಯೆಟಾನೊಗೆ ಇಂಥದ್ದು ಹೊಳೆಯುತ್ತೆ, ನಿನಗ್ಯಾಕೆ ಹೊಳೆಯಲ್ಲ?"

ರೇನೊ ಸ್ಕ್ವಿಡ್‌ನ ತೋಳುಗಳನ್ನು ಬೆರಳಲ್ಲಿ ಒತ್ತಿ ನಿಲ್ಲಿಸಿದ. ಅದು ನನ್ನದೇ ಎಂದರೆ ಅದು ಅಲ್ಲಿಗೆ ಹೋದದ್ದು ಹೇಗೆ ಎಂದೂ ಹೇಳಬೇಕು.

"ಹೊಳೆಯಲಿಲ್ಲ ಯಜಮಾನ್ರೇ" ಎಂದ. ಅವನ ಜೀವನದಲ್ಲಿ ಅಷ್ಟು ಕಷ್ಟಪಟ್ಟು ಹೇಳಿದ ಮಾತು ಇನ್ನೊಂದಿಲ್ಲ.

"ಈಸ್ಟರ್ ಬಂತು. ನೆನಪಿದೆಯಲ್ಲ?"

ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರ ಊಟವಾದ ಮೇಲೆ ಮನೆಯವರೆಲ್ಲ ಮೇಜಿನ ಸುತ್ತ ಕೂತು ಚರ್ಚಿನಿಂದ ತಂದ ಗರಿಗಳನ್ನು ಶಿಲುಬೆಯಾಗಿ ಹೆಣೆಯುತ್ತಿದ್ದರು. ರೇನೊ ಹಿಡಿದ ಗರಿಯೆಲ್ಲ ಹರಿಯುತ್ತಿತ್ತು. ಕೊನೆಗೆ ಎಲ್ಲ ಕೆಳಗಿಟ್ಟು ಹೇಳಿಬಿಟ್ಟ. ಜೀರುಂಡೆ, ಬುಟ್ಟಿ, ಸ್ಕ್ವಿಡ್, ಹಬ್ಬದ ಮಾರನೆಯ ದಿನ ಹೋಗಲಿರುವ ಕೆಲಸ, ಎಲ್ಲ. ಎರ್ಸಿಲಿಯಾ ಮೇಜಿನ ಕೆಳಗೆ ಅವನ ಕಾಲನ್ನು ಒದೆಯುತ್ತಲೇ ಇದ್ದಳು.

ಅತ್ತೆ ಕೈಯಲ್ಲಿದ್ದ ಶಿಲುಬೆಯನ್ನು ಪೂರ್ತಿ ಹೆಣೆದು ಮುಗಿಸಿದಳು. ಆಮೇಲೆ ಕೇಳಿದಳು.

"ಅಂದ್ರೆ ಇಷ್ಟು ವರ್ಷ ಅವನು ನೋಡಿದ್ದು ಹುಳಾನಾ?"

"ಹುಳಾನೂ ನೋಡಿದ. ನವಿಲನ್ನೂ..." ಎಂದ ರೇನೊ. ಸಮಾಧಾನ ಹೇಳುವುದು ಅವನಿಗೆ ಬರುತ್ತಿರಲಿಲ್ಲ.

"ಆ ಬುಟ್ಟಿಗೆ ನಾನು ಹಾಕಿದ ಚಿಲ್ಲರೇಲಿ ಚರ್ಚಿಗೆ ಗಂಟೆ ಕಟ್ಟಿಸಬಹುದಿತ್ತು" ಎಂದು ಅತ್ತೆ ಎದ್ದು ತನ್ನ ಕೋಣೆಗೆ ಹೋದಳು. ಆ ವಾರವಿಡೀ ಮನೆಯಲ್ಲಿ ಉಪ್ಪು ಕಡಿಮೆ. ಎಲ್ಲರೂ ಹಾಗೇ ಉಂಡರು.

ಈಸ್ಟರ್ ಹಬ್ಬದ ದಿನ ಚರ್ಚು ಹೊಸ ಟೋಪಿಗಳಿಂದ ತುಂಬಿತ್ತು. ಟೋಪಿಗಳ ಮೇಲೆಲ್ಲ ಸ್ಕ್ವಿಡ್‌ಗಳು ತೋಳಾಡಿಸುತ್ತಿದ್ದವು. ಲೊರೆಟಾ ಮಾತ್ರ ಬರಿಯ ಕಪ್ಪು ಕೋಟಿನಲ್ಲಿ ಬಂದಳು. ಎದೆಯ ಮೇಲೆ ಒಂದು ಗುಂಡುಪಿನ್ನೂ ಇರಲಿಲ್ಲ. ಕೂದಲು ಮಾತ್ರ ಸುತ್ತಿಕೊಂಡಿದ್ದಳು. ಹಬ್ಬ ಅಂತ, ಎಂದಳು.

ಬುಟ್ಟಿ ಬಂತು. ಅವಳ ಮುಂದೆ ನಿಂತಿತು. ಗಯೆಟಾನೊನ ಕಣ್ಣು ಎಡಕ್ಕೆ ಹೋಯಿತು, ಏನೂ ಇಲ್ಲ. ಬಲಕ್ಕೆ ಹೋಯಿತು, ಏನೂ ಇಲ್ಲ. ದಾರಿ ತಪ್ಪಿದವನ ಹಾಗೆ ಅಲ್ಲಿ ಇಲ್ಲಿ ಅಲೆದು, ಬೇರೆ ಹೋಗಲು ಜಾಗವಿಲ್ಲದೆ ಮೆಲ್ಲಗೆ ಮೇಲೇರಿ ಅವಳ ಮುಖದ ಮೇಲೆ ನಿಂತಿತು.

"ಇವತ್ತು ಒಡವೆ ಇಲ್ಲ ಗಯೆಟಾನೊ" ಎಂದಳು ಲೊರೆಟಾ. ಪಿಸುಮಾತೇ, ಆದರೆ ಅವಳ ಪಿಸುಮಾತು ಹಾಡುವವರ ಅಟ್ಟದವರೆಗೂ ಕೇಳುತ್ತಿತ್ತು. "ಇರೋದು ಈ ಮುಖ ಒಂದೇ. ಬೇಕಾದ್ರೆ ಇದನ್ನ ನಕಲು ಮಾಡ್ಕೋ."

ಮುಂದಿನ ಬೆಂಚುಗಳ ಟೋಪಿಗಳೆಲ್ಲ ಒಮ್ಮೆಲೇ ತಿರುಗಿದವು. ಗಯೆಟಾನೊನ ಕಿವಿ ಕೆಂಪಾಯಿತು. ಬುಟ್ಟಿ ಕದಲುತ್ತದೆ ಎಂದು ಎಲ್ಲರೂ ಕಾದರು. ಕದಲಲಿಲ್ಲ. ಪಾದ್ರಿ ಕೆಮ್ಮಿದರು. ಅವನು ನೋಡುತ್ತಲೇ ಇದ್ದ. ಅತ್ತೆ ಒಂದು ನಾಣ್ಯವನ್ನೂ ಹಾಕಲಿಲ್ಲ. ಕೊನೆಗೆ ಪಕ್ಕದ ಸಾಲಿನವನು ಬಂದು ಕೋಲು ಕಸಿದುಕೊಂಡು ಹೋದ.

ಪೂಜೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಗಯೆಟಾನೊ ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಲೊರೆಟಮ್ಮ, ತಪ್ಪಾಯ್ತು. ನನ್ನ ತಲೇಲಿ ಹೊಸದು ಹುಟ್ಟೋದು ನಿಂತು ಬಹಳ ಕಾಲ ಆಯ್ತು. ಮನೇಲಿ ಒಬ್ಬನೇ. ಭಾನುವಾರ ನಿಮ್ಮನ್ನ ನೋಡಿದ್ರೆ ಒಂದು ವಾರಕ್ಕೆ ಸಾಕಾಗೋದು."

"ನನ್ನನ್ನೋ, ಬ್ರೋಚನ್ನೋ?"

ಅವನು ಯೋಚಿಸಿದ. ಸುಳ್ಳು ಹೇಳುವ ಮನುಷ್ಯನಲ್ಲ, ಕದಿಯುವವನು ಅಷ್ಟೇ. "ಇವತ್ತಿನವರೆಗೆ ಬ್ರೋಚನ್ನ" ಎಂದ.

"ಆ ಜೀರುಂಡೆಗೆ ಐದೇ ಕಾಲು ಯಾಕೆ ಮಾಡಿದೆ ಮಾರಾಯ?" ಎಂದು ರೇನೊ ತಡೆಯಲಾರದೆ ಕೇಳಿದ.

"ನೀನು ಮಾಡಿದ್ದಲ್ವಾ? ಏನೋ ಅರ್ಥ ಇರುತ್ತೆ ಅಂದ್ಕೊಂಡೆ."

ಆ ಮಾತಿಗೆ ಅತ್ತೆ ನಕ್ಕಳು. ನಕ್ಕ ಮೇಲೆ ಮನೆಗೆ ಊಟಕ್ಕೆ ಕರೆಯದೆ ವಿಧಿಯಿರಲಿಲ್ಲ. ರಿಕೋಟಾ ಗಿಣ್ಣು ಹಾಕಿದ ಹಬ್ಬದ ಪೈಯಲ್ಲಿ ಅವನಿಗೆ ದೊಡ್ಡ ತುಂಡೇ ಬಿತ್ತು. ಉಪ್ಪೂ ಸರಿಯಾಗಿತ್ತು.

ಹಬ್ಬದ ಮಾರನೆಯ ದಿನ ರೇನೊ ಯಜಮಾನರ ಮುಂದೆ ನಿಂತ. "ಸೋರ್ತಿದ್ದ ಜಾಗ ಸಿಕ್ತು, ಮುಚ್ಚಿದೀನಿ. ಯಾರು ಅಂತ ಮಾತ್ರ ಕೇಳ್ಬೇಡಿ. ಇನ್ನೊಂದು ನಮೂನೆ ಹೊರಗೆ ಹೋದ್ರೆ ನಾನಾಗೇ ಅರ ಎತ್ಕೊಂಡು ಹೋಗ್ತೀನಿ." ಯಜಮಾನರು ಗುರುಗುಟ್ಟಿ, ಬೇಸಿಗೆಯವರೆಗೆ ನೋಡೋಣ ಎಂದರು. ಒಡವೆಯಿಲ್ಲದ ಕೋಟು ವಾರವಾರವೂ ಚರ್ಚಿಗೆ ಹೋಯಿತು. ರೇನೊ ತೂಕದ ಪರೀಕ್ಷೆಯನ್ನು ಅಡುಗೆಮನೆಯಲ್ಲೇ ಮಾಡಿಸಿದ. ಅತ್ತೆ ಒಲೆಯ ಮುಂದೆ ಮಂಡಿಯೂರಿ ಎದ್ದು, ಮಂಡಿಯೂರಿ ಎದ್ದು ಬೈಯುತ್ತಿದ್ದಳು. ಒಂದು ನಮೂನೆಯೂ ಹೊರಗೆ ಹೋಗಲಿಲ್ಲ. ಕೆಲಸ ಉಳಿಯಿತು.

ಬೇಸಿಗೆ ಶುರುವಾಗುವ ಹೊತ್ತಿಗೆ ಯಜಮಾನರು ಮತ್ತೆ ಪೊಟ್ಟಣ ಹಿಡಿದು ಬಂದರು. ಈ ಸಲ ಮುಖ ಕೆಂಪಾಗಿರಲಿಲ್ಲ, ಅರಳಿತ್ತು.

"ಎದುರಿನವರು ಹೊಸದು ಬಿಟ್ಟಿದ್ದಾರೆ. ಕಿಟಕಿ ಮುಂದೆ ಜನ ಗುಂಪು. ನಮ್ಮ ಗುಲಾಬಿ, ನವಿಲು, ಹುಳ ಎಲ್ಲ ತಿಂದ್ರಲ್ಲ, ಈಗ ನಮ್ಮ ಸರದಿ. ಮುಂದಿನ ವಾರದೊಳಗೆ ಇದರ ನಕಲು ಬೇಕು."

ರೇನೊ ಪೊಟ್ಟಣ ಬಿಚ್ಚಿದ. ಕಪ್ಪು ಗಾಜಿನ ಮೇಲೆ ಬಿಳಿಯ ಒಂದು ಹೆಂಗಸಿನ ಮುಖ, ಪಕ್ಕದಿಂದ ಕಾಣುವ ಹಾಗೆ ಕಡೆದದ್ದು. ಸುತ್ತಿದ ಕೂದಲು, ಎತ್ತಿದ ಮೂಗು, ಒಂದರ ಕೆಳಗೊಂದು ಎರಡು ಗದ್ದ, ಯಾರನ್ನೋ ಈಗ ಬೈಯಲಿರುವ ತುಟಿ. ಕನ್ನಡಕ ಹಣೆಯ ಮೇಲೆ.

"ಇದು ಆಗಲ್ಲ ಯಜಮಾನ್ರೇ."

"ಯಾಕಾಗಲ್ಲ?"

"ಇದು ನಮ್ಮ ಅತ್ತೆ."

ಯಜಮಾನರಿಗೆ ಅದು ಅರ್ಥವಾಗಲಿಲ್ಲ, ಅರ್ಥವಾಗುವುದು ಬೇಕಾಗಿಯೂ ಇರಲಿಲ್ಲ. ಮುಂದಿನ ವಾರ ಎಂದರೆ ಮುಂದಿನ ವಾರ. ರೇನೊ ಕಾಗದ, ಪೆನ್ಸಿಲು ಹಿಡಿದು ಮನೆಗೆ ಬಂದ. ಅತ್ತೆ ಕಿಟಕಿಯ ಪಕ್ಕ ಕೂತು ಬಟಾಣಿ ಬಿಡಿಸುತ್ತಿದ್ದಳು. ಎದುರು ಕುರ್ಚಿಯಲ್ಲಿ ಗಯೆಟಾನೊ, ಅವನ ಮಡಿಲಲ್ಲೂ ಒಂದು ಬಟ್ಟಲು ಬಟಾಣಿ. ರೇನೊ ಅವನ ಪಕ್ಕ ಮಣೆ ಎಳೆದುಕೊಂಡು ಕೂತು ಪೆನ್ಸಿಲು ಎತ್ತಿದ.

ಅತ್ತೆ ಕತ್ತು ತಿರುಗಿಸಿ ಗಯೆಟಾನೊನ ಕಡೆ ಬೆರಳು ತೋರಿದಳು.

"ಈ ಕಡೆ ಮುಖ ಅವರದು ಅಳಿಯಂದ್ರೇ. ನಿಮಗೆ ಬೇಕಾದ್ರೆ ಆ ಕಡೆಗೆ ಬಂದು ಕೂತ್ಕೊಳ್ಳಿ."